ಮಕ್ಕಳಿಗೆ ಪ್ರವೇಶವಿಲ್ಲದ ದಂಡೆ

ಕೂತಲ್ಲಿ ಕೂರುವುದು ನನ್ನ ಜಾಯಮಾನವಲ್ಲ. ಮುಧೋಳದ ನಮ್ಮ ಮನೆಯಲ್ಲಿ ನಾನು ಕುಳಿತು ಚಹಾ ಕುಡಿದದ್ದನ್ನು ಯಾರೂ ನೋಡಿಲ್ಲ. ಒಂದು ಕೈಯಲ್ಲಿ ಬಸಿ ಇದ್ದರೆ ಇನ್ನೊಂದು ಕೈಯಲ್ಲಿ ಏನಾದರೂ ಕೆಲಸ ಇದ್ದೇ ಇರುತ್ತದೆ. ಅಂಥವಳನ್ನು ಒಯ್ದು ಕೆರಿಬಿಯನ್ ಸಮುದ್ರದ ದಂಡೆಯ ಮೇಲೆ, ಉದ್ದಕ್ಕೆ ಕಾಲು ಚಾಚುವ ಕುರ್ಚಿಯಲ್ಲಿ ಮಲಗಿಸಿ, "ಏನೂ ಮಾಡಬ್ಯಾಡ, ಸುಮ್ಮ ಬಿದ್ಕೊ" ಅಂದರೆ ಹೇಗಾಗಬೇಡ? ನನ್ನ ಗಂಡ ಹಾಗೆ ಅಂದರು. ಅಂದವರು ತಾವು ಮಾತ್ರ ಎದ್ದು ಹೋಗಿ ಹೋಟೆಲಿನ ಹೂದೋಟದಲ್ಲಿ ಕುಕ್ಕರಗಾಲಲ್ಲಿ ಕುಳಿತು ಹನಿ ನೀರಾವರಿಯ ಪೈಪು ಹಿಚುಕಿ ನೋಡತೊಡಗಿದರು.

"ತೂತು ಮುಚ್ಚಿಕೊಂಡಾವ. ಇವರು ಆ್ಯಸಿಡ್ ಬಿಟ್ಟು ತೊಳದಽ ಇಲ್ಲ," ಎಂದು ಬಂದು ವರದಿ ಒಪ್ಪಿಸಿದರು.

"ಹಂಗಾರ ಇಲ್ಲೂ ಒಂದು ಅಂಗಡಿ ತಗೀರಿ," ಅಂದೆ.

ಇವರದು ಮುಧೋಳದಲ್ಲಿ ಹನಿ ನೀರಾವರಿಯ ಪೈಪು, ಪಂಪುಗಳ ಅಂಗಡಿ. ಮಾಲು ಚೆನ್ನಾಗಿ ಹೋದ ವರ್ಷ ಕಂಪನಿಯವರು ಡೀಲರುಗಳನ್ನು ಜೋಡಿಯಾಗಿ ಪರದೇಶಕ್ಕೆ ಕಳಿಸುತ್ತಾರೆ. ಉಳಿದವರೆಲ್ಲ ದುಬೈ ಅಂದರು. ಇವರೊಬ್ಬರೇ ಎಲ್ಲಕ್ಕಿಂತ ದೂರದ ಜಾಗಕ್ಕೆ ಬೆರಳಿಟ್ಟರು. ಆ ಸಮುದ್ರದ ಹೆಸರು ಇವರಿಗೆ ಗೊತ್ತಿದ್ದದ್ದು ಕ್ರಿಕೆಟ್ಟಿನಿಂದ, ನನಗೆ ಗೊತ್ತಿದ್ದದ್ದು ಇವರಿಂದ. ಹೋಟೆಲಿನ ವಿವರ ಓದಿ ಹೇಳುತ್ತಿದ್ದವರು ಒಂದು ಸಾಲಿಗೆ ಬಂದು ದನಿ ತಗ್ಗಿಸಿದರು. "ಇಲ್ಲಿ ಸಣ್ಣ ಹುಡುಗರ್ನ ಬಿಡಂಗಿಲ್ಲಂತ. ಬರೇ ದೊಡ್ಡವರಂತ." ಅಷ್ಟು ಹೇಳಿ ಫೋನು ಕಿಸೆಗೆ ಇಟ್ಟುಕೊಂಡರು.

ನಮಗೆ ಮಕ್ಕಳಿಲ್ಲ. ನನಗೆ ಐವತ್ತು ದಾಟಿದೆ, ಇನ್ನು ಆಗುವ ಮಾತೂ ಇಲ್ಲ. ಬೀಳಗಿಯ ನನ್ನ ತವರಿಗೆ ಹೋಗುವ ಬಸ್ಸಿನಲ್ಲಿ ಪಕ್ಕದ ಸೀಟಿನವಳು ಊರು ದಾಟುವುದರೊಳಗೆ "ಮಕ್ಕಳೆಷ್ಟವಾ?" ಎಂದು ಕೇಳಿಯೇ ಬಿಡುತ್ತಾಳೆ. ಇಲ್ಲ ಎಂದರೆ ನನ್ನ ಮುಖ ನೋಡುತ್ತಾಳೆ, ಆಮೇಲೆ ಕಿಟಕಿ ನೋಡುತ್ತಾಳೆ. ಆದ್ದರಿಂದ ಆ ಸಾಲು ಕೇಳಿದಾಗ ನನಗೆ ಇವರ ಮೇಲೆ ಪ್ರೀತಿ ಉಕ್ಕಿತು. ನನ್ನ ಸಲುವಾಗಿಯೇ ಹುಡುಕಿದ್ದಾರೆ ಅನಿಸಿತು. ನನ್ನ ಸಲುವಾಗಿಯೇ ಹೌದು, ಆದರೆ ನಾನು ತಿಳಿದ ಹಾಗಲ್ಲ.

ಹೋದ ಕೂಡಲೇ ನಮ್ಮಿಬ್ಬರ ಮಣಿಕಟ್ಟಿಗೂ ಒಂದೊಂದು ನೀಲಿ ಪಟ್ಟಿ ಬಿಗಿದರು. ಅದು ಇದ್ದರೆ ತಿಂಡಿ, ಊಟ, ಹಣ್ಣಿನ ರಸ, ಸೆರೆ, ದೋಣಿ ಎಲ್ಲವೂ ಬೇಕಾದಾಗ, ಬೇಕಾದಷ್ಟು. ಬಿಚ್ಚಲು ಬರುವುದಿಲ್ಲ, ಕತ್ತರಿಸಿಯೇ ತೆಗೆಯಬೇಕು. ನನ್ನ ಬಳೆಗಳ ನಡುವೆ ಅದು ಸಿಕ್ಕಿಕೊಂಡು ಕೈ ಎತ್ತಿದಾಗಲೆಲ್ಲ ಚುಚ್ಚುತ್ತಿತ್ತು. ನಾವು ಲಿಂಗಾಯತರು, ಆ ಊಟದ ಮೇಜುಗಳ ಮುಕ್ಕಾಲು ಪಾಲು ನಮಗೆ ಮುಟ್ಟುವ ಹಾಗಿರಲಿಲ್ಲ. ಅನ್ನ, ಮೊಸರು, ಪಪ್ಪಾಯಿ, ಕರಿದ ಬಟಾಟೆ, ಮೇಲೆ ನಾನು ಒಯ್ದಿದ್ದ ಶೇಂಗಾ ಚಟ್ನಿ. ಇವರು ಇಸ್ತ್ರಿ ಗೆರೆ ಎದ್ದು ಕಾಣುವ ಬರ್ಮುಡಾ ಚಡ್ಡಿ ಹಾಕಿಕೊಂಡು ಠೀವಿಯಿಂದ ತಟ್ಟೆ ಹಿಡಿದು ಬರುವುದನ್ನು ನೋಡಿ ನನಗೆ ನಗು ತಡೆಯುತ್ತಿರಲಿಲ್ಲ.

ಮೊದಲ ದಿನ ಹಗುರವಾಗಿತ್ತು. ಯಾರೂ ಏನೂ ಕೇಳಲಿಲ್ಲ. ಎತ್ತ ನೋಡಿದರೂ ನಮ್ಮಂಥ ಜೋಡಿಗಳು, ಬಿಳಿಯರು, ಕರಿಯರು, ಎಲ್ಲ ಮಕ್ಕಳಿಲ್ಲದವರೇ ಏನೋ ಎಂಬಂತೆ ಓಡಾಡುತ್ತಿದ್ದರು. ಎರಡನೆಯ ದಿನದಿಂದ ಕಾಲು ತುರಿಸತೊಡಗಿತು. ಸೀರೆಯನ್ನು ಪಾದದ ಮೇಲಕ್ಕೆ ಎತ್ತಿ ಸಿಕ್ಕಿಸಿ ದಂಡೆಯ ಈ ತುದಿಯ ಬಂಡೆಯಿಂದ ಆ ತುದಿಯಲ್ಲಿ ಹೋಟೆಲಿನ ಗಡಿಗೆ ಕಟ್ಟಿದ ಹಗ್ಗದ ತನಕ ನಡೆದೆ, ತಿರುಗಿ ನಡೆದೆ. ಒದ್ದೆ ಟವೆಲುಗಳನ್ನು ಕಂಡಲ್ಲಿ ಮಡಚಿಟ್ಟೆ. ಪಾನಕ ತರುವ ಹುಡುಗಿ ಬಂದು ಏನಾದರೂ ಕಳೆದುಕೊಂಡಿರಾ ಎಂದು ಕೇಳಿದಳು. ಇಲ್ಲ ಅಂದೆ. ಆಕೆ ಪಾಪ, ನಾನು ನಡೆದ ದಾರಿಯ ಮರಳನ್ನು ಒಂದು ಸಲ ನೋಡಿ ಹೋದಳು.

ಕಳೆದುಕೊಂಡದ್ದಿತ್ತು. ಅದೇ ವಾರ ಮುಧೋಳದಲ್ಲಿ ನಮ್ಮ ಹುಡುಗಿಯ ಕುಬಸ. ನಮ್ಮ ಹುಡುಗಿ ಎಂದರೆ ಇವರ ತಮ್ಮನ ಮಗಳು. ಎಲ್ಲರೂ ಹಳೆಯ ಮನೆಯಲ್ಲಿ ಕೂಡಿ ಇದ್ದಾಗ, ಅವಳ ತಾಯಿ ಎರಡನೆಯ ಬಾಣಂತನದಲ್ಲಿದ್ದಾಗ, ನನ್ನ ಮಗ್ಗುಲಿಗೆ ಬಂದು ಮಲಗಿದವಳು ಹೈಸ್ಕೂಲು ಮುಗಿಯುವ ತನಕ ಅಲ್ಲಿಂದ ಏಳಲಿಲ್ಲ. ಅವಳ ಹೇನು ಹೆಕ್ಕಿದವಳು ನಾನು, ಜಮಖಂಡಿಯ ಕಾಲೇಜಿಗೆ ಡಬ್ಬಿ ಕಟ್ಟಿದವಳು ನಾನು. ಬಾಯಿ ತುಂಬ "ದೊಡ್ಡವ್ವಾ" ಎಂದು ಓಣಿಯ ತುದಿಯಿಂದಲೇ ಕೂಗಿಕೊಂಡು ಬರುತ್ತಿದ್ದಳು. ಅವಳನ್ನು ಬನಹಟ್ಟಿಯ ಮಗ್ಗದವರ ಮನೆಗೆ ಕೊಟ್ಟೆವು. ಈಗ ಏಳನೆಯ ತಿಂಗಳು. ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಮುತ್ತೈದೆಯರೆಲ್ಲ ಬಸುರಿಯ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ ಹಾಕಿ ಉಡಿ ತುಂಬುವ ಕಾರ್ಯ ಅದು. ಅದಕ್ಕೆ ದಿನ ಗೊತ್ತಾದದ್ದು ನನಗೆ ತಿಳಿದದ್ದು ಬಳೆಗಾರ್ತಿಯಿಂದ.

ನನ್ನ ನೆಗೆಣ್ಣಿ, ಅಂದರೆ ಹುಡುಗಿಯ ತಾಯಿ, ನನಗೆ ಹೇಳಲಿಲ್ಲ. ಮನೆ ಬೇರೆಯಾಗಿ ವರ್ಷಗಳಾದವು, ಅವರು ಹಳೆಯ ಮನೆಯಲ್ಲಿ, ನಾವು ಲೋಕಾಪುರ ರಸ್ತೆಯ ಹೊಸ ಮನೆಯಲ್ಲಿ. ಆದರೂ ಒಂದು ಗಲ್ಲಿ ದಾಟಿ ಬಂದು ಕುಂಕುಮ ಹಚ್ಚಿ ಕರೆಯಲು ಆಗದಷ್ಟು ದೂರವಲ್ಲ. ನಾನೂ ಕೇಳಲಿಲ್ಲ. ಇಂಥವಕ್ಕೆ ನನ್ನನ್ನು ಕರೆಯದೇ ಇರುವುದು ಊರಿಗೆ ರೂಢಿಯಾಗಿತ್ತು, ನನಗೂ ರೂಢಿಯಾಗಿತ್ತು. ಆದರೆ ನಮ್ಮ ಹುಡುಗಿಯದಕ್ಕೂ ಕರೆಯಲಿಲ್ಲವಲ್ಲ ಎಂಬುದನ್ನು ಮಾತ್ರ ಮರೆಯಲಾಗಲಿಲ್ಲ. ಅವಳೂ ಇತ್ತೀಚೆಗೆ ಫೋನು ಮಾಡುವುದು ಕಡಿಮೆ ಮಾಡಿದ್ದಳು. ಬಿಗುಮಾನ ಅವಳಿಗೆ ಎಲ್ಲಿಂದ ಬರಬೇಕು, ಬೆಳೆಸಿದವಳು ನಾನೇ.

ಮೂರನೆಯ ದಿನ ಹೋಟೆಲಿನ ಈಜುಕೊಳದ ಪಕ್ಕದಲ್ಲಿ ಒಬ್ಬ ಬಸುರಿಯನ್ನು ಕಂಡೆ.

ಮಕ್ಕಳನ್ನು ಬಿಡದ ಜಾಗದಲ್ಲಿ ಒಂದು ಮಗು ಹೊಟ್ಟೆಯೊಳಗೆ ಕುಳಿತು ಒಳಗೆ ಬಂದಿತ್ತು. ಬಿಳಿಯ ಹೆಣ್ಣುಮಗಳು, ಮೂವತ್ತರ ಆಜುಬಾಜು. ಚಿಕ್ಕ ಬಟ್ಟೆಯಲ್ಲಿ ಆ ಹೊಟ್ಟೆ ಬಿಸಿಲಿಗೆ ಕೆಂಪಗೆ ಹೊಳೆಯುತ್ತಿತ್ತು, ಮುಚ್ಚುವುದು ಗಿಚ್ಚುವುದು ಇಲ್ಲ. ಅವಳು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕಾಲು ಚಾಚಿದಳು. ನಾನು ಎದ್ದು ಆಚೆ ಹೋದೆ.

ಅದು ನನ್ನ ಕೈಯಲ್ಲಿದ್ದ ಮಾತಲ್ಲ, ಕಾಲು ತಾನಾಗಿ ಎದ್ದಿತು. ನಮ್ಮಲ್ಲಿ ನನ್ನಂಥವಳು ಬಸುರಿಯ ಎದುರು ಬಹಳ ಹೊತ್ತು ಕೂರಬಾರದು, ಕಣ್ಣು ಬೀಳುತ್ತದೆ ಅನ್ನುತ್ತಾರೆ. ನಾನು ನಂಬುತ್ತೇನೆಯೇ? ಇಲ್ಲ. ಆದರೂ ನಾಳೆ ಏನಾದರೂ ಆದರೆ ನನ್ನ ಹೆಸರು ಬರಬಾರದು ಎಂದು ಇಷ್ಟು ವರ್ಷ ಸರಿದು ಸರಿದು ಅದೇ ನಡಿಗೆಯಾಗಿದೆ. ಮಧ್ಯಾಹ್ನ ಊಟದ ಮೇಜಿನಲ್ಲಿ ಅವಳು ಎದುರು ಕುಳಿತಳು, ನಾನು ತಟ್ಟೆ ಎತ್ತಿಕೊಂಡು ಕಂಬದ ಹಿಂದೆ ಹೋದೆ. ಮರುದಿನ ದಂಡೆಯ ನೆರಳಲ್ಲಿ ಮತ್ತೆ ಪಕ್ಕಕ್ಕೆ ಬಂದಳು, ಮತ್ತೆ ಎದ್ದೆ. ಈ ಸಲ ಅವಳು ಬಿಡಲಿಲ್ಲ. ಕಷ್ಟಪಟ್ಟು ಮೇಲೆದ್ದು, ಮರಳಲ್ಲಿ ನನ್ನ ಹಿಂದೆ ನಡೆದುಕೊಂಡು ಬಂದಳು.

ಜಮಖಂಡಿಯಲ್ಲಿ ಬಿ.ಎ. ಓದುವಾಗ ಕಲಿತ ಇಂಗ್ಲಿಷು ನನ್ನ ಬಳಿ ತುಕ್ಕು ಹಿಡಿದಿದ್ದರೂ ಇತ್ತು. ಅವಳು ಕೇಳಿದ್ದು ಸ್ಪಷ್ಟವಾಗಿ ತಿಳಿಯಿತು. "ನನ್ನಿಂದ ನಿಮಗೆ ತೊಂದರೆ ಆಗುತ್ತಿದೆಯೇ? ಇಲ್ಲಿ ಎಲ್ಲರೂ ಈ ಹೊಟ್ಟೆಯನ್ನು ನೋಡಿ ಮುಖ ತಿರುಗಿಸುತ್ತಾರೆ. ಮಕ್ಕಳ ಗದ್ದಲ ಬೇಡ ಎಂದು ಬಂದವರು ತಾನೆ. ಆದರೆ ಎದ್ದು ಹೋಗುವವರು ನೀವೊಬ್ಬರೇ."

ನನಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು. ಅವಳಿಗೆ ಒಳ್ಳೆಯದಾಗಲಿ ಎಂದು ನಾನು ಎದ್ದು ಹೋದದ್ದು ಅವಳಿಗೆ ನಾನು ಅಸಹ್ಯಪಟ್ಟಂತೆ ಕಂಡಿತ್ತು. ಅದನ್ನು ಬಿಡಿಸಿ ಹೇಳಲು ನನ್ನ ಇಂಗ್ಲಿಷು ಸಾಲದು, ಕನ್ನಡವೂ ಸಾಲದು. "ನನಗೆ ಮಕ್ಕಳಿಲ್ಲ," ಅಂದೆ. "ನಮ್ಮ ಕಡೆ ನನ್ನಂಥವರು ದೂರ ಇರುತ್ತಾರೆ. ನಿಮ್ಮ ಒಳ್ಳೆಯದಕ್ಕೆ."

ಅವಳು ನನ್ನ ಕೈ ಹಿಡಿದು, ಕೇಳದೇ ಹೇಳದೇ, ತನ್ನ ಹೊಟ್ಟೆಯ ಮೇಲೆ ಒತ್ತಿ ಇಟ್ಟುಕೊಂಡಳು. ನಾನು ಎಳೆದುಕೊಳ್ಳಲು ನೋಡಿದೆ, ಅವಳ ಹಿಡಿತ ಗಟ್ಟಿಯಿತ್ತು. ಚರ್ಮ ಬಿಸಿಲಿಗೆ ಸುಡುತ್ತಿತ್ತು. ಅದರೊಳಗಿಂದ ಏನೋ ನನ್ನ ಅಂಗೈಗೆ ಬಡಿಯಿತು. ಇಷ್ಟು ವರ್ಷದ ಬಾಳಿನಲ್ಲಿ ನನ್ನ ಕೈಯನ್ನು ಯಾರೂ ಅಲ್ಲಿ ಇಟ್ಟುಕೊಂಡಿರಲಿಲ್ಲ. ನಾನು ಮರಳಲ್ಲಿ ಕುಸಿದು ಕುಳಿತು ಅತ್ತೆ. ಅವಳು ಪಕ್ಕದಲ್ಲಿ ಕೂತಳು.

ಇವರು ಹುಡುಕಿಕೊಂಡು ಬಂದಾಗ ಅವಳು ಹೋಗಿದ್ದಳು. ನನ್ನ ಮುಖ ನೋಡಿ ಇವರು ಗಾಬರಿಯಾದರು.

"ಯಾರರ ಏನರ ಅಂದ್ರೇನು? ಇಲ್ಲೂ ಕೇಳಿದ್ರೇನು?"

"ಇಲ್ಲಿ ಯಾರೂ ಏನೂ ಅಂದಿಲ್ಲರಿ. ಗುರ್ತು ಪರಿಚಯ ಇಲ್ಲದಾಕಿ ತನ್ನ ಹೊಟ್ಟಿ ಮುಟ್ಟಸಿದಳು. ನಮ್ಮ ಹುಡಿಗಿ ಹೊಟ್ಟಿ ನಾ ಇನ್ನೂ ಮುಟ್ಟಿಲ್ಲ. ನಮ್ಮ ಮನಿ ಮಂದೀನಽ ನನ್ನ ಕರೀಲಿಲ್ಲ. ಹಗಲೆಲ್ಲಾ ಅದಽ ತಲ್ಯಾಗ ತಿರಗಾಕತ್ತೈತಿ."

ಇವರು ಕುರ್ಚಿಯ ಅಂಚಿಗೆ ಕೂತರು. ಮಣಿಕಟ್ಟಿನ ಪಟ್ಟಿಯನ್ನು ಸುಮ್ಮನೆ ಸುತ್ತ ತಿರುಗಿಸಿದರು, ಮತ್ತೆ ತಿರುಗಿಸಿದರು. ಇವರ ಬಾಯಿಯಿಂದ ಬೇಗ ಮಾತು ಹೊರಡದಿದ್ದರೆ ಏನೋ ಮುಚ್ಚಿಟ್ಟಿದ್ದಾರೆ ಎಂದೇ ಅರ್ಥ.

"ಕರ್ಯಾಕ ಬಂದಿದ್ರು," ಅಂದರು.

"ಯಾರು?"

"ತಮ್ಮನ ಹೆಂಡ್ತಿ. ಅಂಗಡಿಗೆ ಬಂದಿದ್ಲು. ಭಾವಾರ, ಮನಿಗೆ ಬಂದು ಅಕ್ಕನ್ನ ಕರೀತೀನಿ, ಉಡಿ ಆಕೀನಽ ಮೊದಲ ತುಂಬಬೇಕಂತ ಹುಡಿಗಿ ಹಟ ಹಿಡದಾಳ ಅಂದ್ಲು. ನಾನಽ ಬ್ಯಾಡ ಅಂದೆ. ಆಕಿಗೆ ತ್ರಾಸ ಆಕ್ಕತಿ, ಆಕಿನ್ನ ಕರೀಬ್ಯಾಡ್ರಿ, ಟೂರಿಗೆ ಕರಕೊಂಡು ಹೊಂಟೀನಿ ಅಂತ ಹೇಳಿ ಕಳಿಸಿದೆ."

ನಾನು ಎದ್ದು ನಿಂತೆ.

ಇವರು ನಿಲ್ಲಿಸಲಿಲ್ಲ. ಒಂದು ಸಲ ಬಾಯಿ ಬಿಟ್ಟ ಮೇಲೆ ಎಲ್ಲವೂ ಬಂತು. ನಾನು ಮದುವೆಯಾಗಿ ಕೆಲವು ವರ್ಷವಾದಾಗ ಓಣಿಯ ಒಂದು ಕುಬಸಕ್ಕೆ ಹೋಗಿದ್ದೆ. ಉಡಿ ತುಂಬುವ ಸರದಿ ನನಗೆ ಬಂದಾಗ ಅಲ್ಲಿದ್ದ ಮುದುಕಿ ಮೆತ್ತಗೆ ನನ್ನ ಕೈ ಹಿಡಿದು, "ನಿನಗ್ಯಾಕವಾ ತ್ರಾಸ, ಕುಂದರು," ಅಂದಿದ್ದಳು. ಮನೆಗೆ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆ, ಊಟ ಬಿಟ್ಟಿದ್ದೆ. ಅದನ್ನು ನಾನು ಇವರಿಗೆ ಹೇಳಿರಲಿಲ್ಲ, ಇವರೂ ಕೇಳಿರಲಿಲ್ಲ. ಯಾರಿಂದಲೋ ತಿಳಿದುಕೊಂಡಿದ್ದರು. ಅವತ್ತಿನಿಂದ, ಕರೆಯಲು ಬಂದವರನ್ನೆಲ್ಲ ಇವರು ಅಂಗಡಿಯ ಕಟ್ಟೆಯ ಮೇಲೆಯೇ ತಡೆದು ಕಳಿಸಿದ್ದಾರೆ. ಆಕೆಗೆ ಆರಾಮಿಲ್ಲ. ಆಕೆ ತವರಿಗೆ ಹೋಗಿದ್ದಾಳೆ. ಆಕೆಗೆ ಬರಲು ಆಗುವುದಿಲ್ಲ. ಹಳೆಯ ಮನೆಯಾಗಲಿ ಹೊಸ ಮನೆಯಾಗಲಿ, ನಮ್ಮಲ್ಲಿಗೆ ಬರಬೇಕಾದರೆ ಅಂಗಡಿಯ ಮುಂದೆಯೇ ಬರಬೇಕು, ಆದ್ದರಿಂದ ಒಬ್ಬರೂ ತಪ್ಪಿಸಿಕೊಂಡಿಲ್ಲ.

"ಎಷ್ಟು ಮಂದಿನ್ನ ಕಳಿಸೀರಿ?"

"ನೆನಪಿಲ್ಲ. ಬಂದವರ್ನೆಲ್ಲಾ." ಆಮೇಲೆ ಸಣ್ಣ ದನಿಯಲ್ಲಿ ಅಂದರು, "ನೀ ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ್ದು ನನಗ ಮತ್ತ ನೋಡಾಕ ಆಗತಿದ್ದಿಲ್ಲ."

ಪ್ರೀತಿಯಿಂದ ಮಾಡಿದ್ದಕ್ಕೆ ಸಿಟ್ಟು ಮಾಡುವುದು ಬಹಳ ಕಷ್ಟ. ಆದರೂ ಮಾಡಿದೆ. ಬಾಯಿಗೆ ಬಂದದ್ದೆಲ್ಲ ಅಂದೆ. ನನ್ನನ್ನು ಕೇಳದೇ ನನ್ನ ಮಾತು ಆಡಲು ನೀವ್ಯಾರು ಅಂದೆ. ಇಡೀ ಊರು ನನ್ನನ್ನು ಬೇಡ ಅಂದಿದೆ ಎಂದು ತಿಳಿದು ಇಷ್ಟು ವರ್ಷ ಬಾಳಿದೆನಲ್ಲ ಅಂದೆ. ಎಲ್ಲರೂ ಕರೆದಿರಲಿಕ್ಕಿಲ್ಲ, ಅದು ನನಗೆ ಗೊತ್ತು. ಆದರೆ ಯಾರು ಕರೆದರು, ಯಾರು ಕರೆಯಲಿಲ್ಲ, ಇನ್ನು ಹೇಗೆ ತಿಳಿಯಲಿ? ಸಂತೆಯಲ್ಲಿ ಎದುರಾದಾಗ ಮುಖ ಗಂಟಿಕ್ಕಿಕೊಂಡು ಹೋದೆನಲ್ಲ, ಅವರಲ್ಲಿ ಎಷ್ಟು ಮಂದಿ ನನ್ನನ್ನು ಕರೆಯಲು ಬಂದವರೇ ಇದ್ದರೋ. ಇವರು ತಲೆ ತಗ್ಗಿಸಿ ಕುಳಿತು ಎಲ್ಲ ಕೇಳಿಸಿಕೊಂಡರು. ಪಾನಕದ ಹುಡುಗಿ ಈ ಕಡೆ ಬಂದವಳು ನಮ್ಮನ್ನು ನೋಡಿ ಹಾಗೆಯೇ ತಿರುಗಿದಳು.

"ಈಗ ಹೊಂಡೂಣು," ಅಂದೆ.

"ಕುಬಸ ನಾಳೆ. ವಿಮಾನದಾಗ ಹೋದ್ರೂ ಮುಟ್ಟಾಂಗಿಲ್ಲ," ಅಂದರು. ಹೌದು, ಅದಕ್ಕೆಂದೇ ಅಷ್ಟು ದೂರದ ಜಾಗ ಆರಿಸಿದ್ದರು. ಬರಬೇಕೆಂದರೂ ಬರಲಾಗದ ಹಾಗೆ.

ಮರುದಿನ ನಮಗೆ ಬೆಳಗಾದಾಗ ಊರಲ್ಲಿ ದೀಪ ಹಚ್ಚುವ ಹೊತ್ತು, ಕುಬಸದ ಹೊತ್ತು. ತಿಂಡಿಯ ಮೇಜಿನಿಂದಲೇ ಹುಡುಗಿಗೆ ಫೋನು ಹಚ್ಚಿದೆ. ಹಿಂದೆ ಹಾಡು, ಬಳೆ ಸದ್ದು, ಯಾರೋ ನಗುವುದು ಕೇಳಿಸಿತು. "ಮಂದಿ ಬಂದಾರ. ಆಮ್ಯಾಲ ಮಾತಾಡ್ತೀನಿ," ಅಂದಳು. ದೊಡ್ಡವ್ವಾ ಅನ್ನಲಿಲ್ಲ. ಆಮೇಲೆ ಫೋನು ಬರಲೂ ಇಲ್ಲ, ನಾನು ಹಚ್ಚಿದರೆ ಎತ್ತಲೂ ಇಲ್ಲ.

ಉಳಿದ ದಿನಗಳನ್ನು ಹೇಗೆ ಕಳೆದೆನೋ. ಬಂಡೆಯಿಂದ ಹಗ್ಗದ ತನಕ, ಹಗ್ಗದಿಂದ ಬಂಡೆಯ ತನಕ. ಈ ಸಲ ಇವರೂ ಹಿಂದೆ ಹಿಂದೆ ನಡೆದರು, ಪೈಪು ನೋಡಲು ಹೋಗಲಿಲ್ಲ. ಸಮುದ್ರ ಅಷ್ಟು ಚೆಂದವಿತ್ತು ಎಂದು ಈಗ ಫೋಟೋ ನೋಡಿ ತಿಳಿಯುತ್ತದೆ. ಹೊರಡುವ ದಿನ ಆ ಬಸುರಿಗೆ ನನ್ನ ಪೆಟ್ಟಿಗೆಯಲ್ಲಿದ್ದ ಹೊಸ ಖಣವೊಂದನ್ನು ಕೊಟ್ಟೆ. ಅದರಲ್ಲಿ ಕುಪ್ಪಸ ಹೊಲಿಸುತ್ತಾರೆ ಎಂದು ಹೇಳಲು ಹೋಗಲಿಲ್ಲ. ಅವಳು ಅದನ್ನು ತಲೆಗೆ ಕಟ್ಟಿಕೊಂಡು ನಕ್ಕಳು.

ಬೆಳಗಾವಿಯಲ್ಲಿ ಇಳಿದು ಗಾಡಿ ಹಿಡಿದೆವು. ಲೋಕಾಪುರದಲ್ಲಿ ನಿಲ್ಲಿಸಿ ಅಂದೆ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಹಸಿರು ಖಣ ಕೊಂಡೆ. ಇವರು ಚೀಲ ಹಿಡಿದರು. ಮುಧೋಳಕ್ಕೆ ಬಂದಾಗ ಚಾಲಕ ನಮ್ಮ ಮನೆಯ ಕಡೆ ಹೊರಳಿಸಿದ. "ಅಲ್ಲಪಾ, ಹಳೀ ಮನಿಗೆ," ಅಂದೆ. ಯಾರೂ ಕರೆದಿರಲಿಲ್ಲ. ಇನ್ನು ಕರೆಯುವುದನ್ನು ಕಾಯುವ ತಾಳ್ಮೆ ನನ್ನಲ್ಲಿ ಉಳಿದಿರಲಿಲ್ಲ.

ಕುಬಸ ಮುಗಿದ ಮೇಲೆ ಹೆರಿಗೆಗೆಂದು ಹುಡುಗಿಯನ್ನು ತವರಿನಲ್ಲೇ ಇಟ್ಟುಕೊಂಡಿದ್ದರು. ಪಡಸಾಲೆಯಲ್ಲಿ ಗೋಡೆಗೆ ಒರಗಿ, ಕಾಲು ಚಾಚಿ, ನೈಟಿಯಲ್ಲಿ ಕೂತಿದ್ದಳು. ಕೈತುಂಬ ಹಸಿರು ಬಳೆ. ನನ್ನನ್ನು ನೋಡಿ ಏಳಲಿಲ್ಲ. ನೆಗೆಣ್ಣಿ ಅಡುಗೆಮನೆಯ ಬಾಗಿಲಿಗೆ ಬಂದವಳು ಅಲ್ಲೇ ನಿಂತಳು.

"ಈಗ ಬಂದ್ಯಾ?" ಅಂದಳು ಹುಡುಗಿ. "ಮಂದಿ ಏನ ಅಂದ್ರು ಗೊತ್ತೈತೇನು? ನಿಮ್ಮ ದೊಡ್ಡವ್ವಗ ನಿನ್ನ ಹೊಟ್ಟಿ ನೋಡಾಕ ಆಗವಲ್ದು, ಅದಕ್ಕ ದೇಶಾ ಬಿಟ್ಟು ಹೋಗ್ಯಾಳ ಅಂದ್ರು. ನಾ ಜಗಳಾಡೀನಿ ಎಲ್ಲಾರ ಕೂಡ. ನಮ್ಮ ದೊಡ್ಡವ್ವ ಅಂಥಾಕಿ ಅಲ್ಲ ಅಂದೆ. ಆದ್ರ ನೀ ಬರಲಿಲ್ಲ. ನಾ ಏನ ಹೇಳಲಿ?"

ಅಲ್ಲಿಯ ತನಕ ನನಗೆ ಹೊಳೆದಿರಲಿಲ್ಲ. ನನ್ನನ್ನು ನೋವಿನಿಂದ ಕಾಯಲು ಹೋಗಿ ಇವರು ನನ್ನನ್ನು ಊರಿನ ಬಾಯಲ್ಲಿ ಹೊಟ್ಟೆಕಿಚ್ಚಿನ ಹೆಂಗಸನ್ನಾಗಿ ಮಾಡಿದ್ದರು. ಕರೆದರೂ ಬಾರದವಳು, ಕಂಡವರ ಬಸಿರು ಸಹಿಸದವಳು. ಇದೆಲ್ಲ ಇವರದೇ ಕೆಲಸ ಎಂದು ಹೇಳಿಬಿಡಬೇಕು ಅನಿಸಿತು, ತಮ್ಮನ ಮನೆಯಲ್ಲಿ ಇವರ ಮರ್ಯಾದೆ ತೆಗೆಯುವುದು ಹೇಗೆ ಅಂತಲೂ ಅನಿಸಿತು.

ಹೊಸ್ತಿಲಲ್ಲಿ ಚೀಲ ಹಿಡಿದು ನಿಂತಿದ್ದ ಇವರೇ ಅಂದರು, "ಆಕಿಗೆ ಗೊತ್ತಽ ಇದ್ದಿಲ್ಲ, ಯವ್ವಾ. ನಿಮ್ಮವ್ವ ಕರ್ಯಾಕ ಬಂದಾಗ ಆಕಿನ್ನ ಕೇಳದಽ ನಾ ಬ್ಯಾಡ ಅಂದೆ. ಹಿಂದ ಬಂದವರ್ನೂ ನಾನಽ ಕಳಿಸೀನಿ. ಇನ್ನ ಮ್ಯಾಲೆ ಯಾರರ ಏನರ ಅಂದ್ರ, ನನ್ನ ಹೆಸರ ಹೇಳು."

ಹುಡುಗಿ ಇವರನ್ನು ನೋಡಿದಳು, ನನ್ನನ್ನು ನೋಡಿದಳು. ಗೋಡೆ ಹಿಡಿದು ಎದ್ದು ಒಳಗೆ ಹೋದಳು. ಮುಗಿಯಿತು ಅಂದುಕೊಂಡೆ. ಚೀಲವನ್ನು ಇವರ ಕೈಯಿಂದ ತೆಗೆದುಕೊಂಡು ಏನು ಮಾಡಬೇಕೋ ತಿಳಿಯದೇ ಪಡಸಾಲೆಯ ನಡುವೆ ನಿಂತೆ.

ಅವಳು ಹೊರಗೆ ಬಂದಾಗ ನೈಟಿಯ ಮೇಲೆಯೇ ಕುಬಸದ ಹಸಿರು ಸೀರೆಯನ್ನು ಹೇಗೆಂದರೆ ಹಾಗೆ ಸುತ್ತಿಕೊಂಡಿದ್ದಳು. ನೆಗೆಣ್ಣಿ ಕುಂಕುಮದ ಬಟ್ಟಲು ತಂದು ನನ್ನ ಕೈಗೆ ಕೊಟ್ಟಳು. ಹುಡುಗಿ ಸೆರಗು ಒಡ್ಡಿ ನನ್ನೆದುರು ನಿಂತಳು. ಅವಳ ಹಣೆಗೆ ಕುಂಕುಮ ಹಚ್ಚಿದೆ, ಖಣ ಇಟ್ಟೆ, ಕೊಬ್ಬರಿ, ಉತ್ತತ್ತಿ, ಬೇರು ಇಟ್ಟೆ. ಆ ನೀಲಿ ಪಟ್ಟಿ ಇನ್ನೂ ಮಣಿಕಟ್ಟಿನಲ್ಲೇ ಇತ್ತು, ಬೊಗಸೆಯಲ್ಲಿ ತೆಗೆದ ಅಕ್ಕಿ ಅರ್ಧಕ್ಕರ್ಧ ನೆಲಕ್ಕೆ ಚೆಲ್ಲಿತು. ಐದು ಸಲ ಹಾಕಿ ನಿಲ್ಲಿಸಿದೆ. ಮುದುಕಿ ಯಾವಳಾದರೂ ಬಂದು ಕೈ ಹಿಡಿಯುತ್ತಾಳೇನೋ ಎಂದು ಈಗಲೂ ಒಳಗೆ ಅಳುಕು.

ಹುಡುಗಿ ಸೆರಗು ಇಳಿಸಲಿಲ್ಲ.

"ಇಷ್ಟಽ ಏನ್ ಬೇ?" ಅಂದಳು. "ಇನ್ನಾ ಹಾಕು."